28 ದಿನದ ಅರ್ಲಿ ಚೆಕ್-ಇನ್

ಫೆಬ್ರವರಿಗೂ ಮಾರ್ಚಿಗೂ ಏನು ವ್ಯತ್ಯಾಸ ಅಂತ ಯಾರಾದರೂ ಕೇಳಿದರೆ ನಾನೀಗ ಥಟ್ಟನೆ ಹೇಳಬಲ್ಲೆ: 11,210 ರೂಪಾಯಿ.

ಅಧಿಕ ವರ್ಷ ಅಲ್ಲದಿದ್ದರೆ ಈ ಎರಡು ತಿಂಗಳು ಅವಳಿ ಜವಳಿ. 28ರವರೆಗೆ ಅದೇ ತಾರೀಕು, ಅದೇ ವಾರ. 2026ರಲ್ಲಿ ಫೆಬ್ರವರಿ 14 ಶನಿವಾರ, ಮಾರ್ಚ್ 14 ಕೂಡ ಶನಿವಾರ. ರಾತ್ರಿ ಹನ್ನೊಂದಕ್ಕೆ, ಅರ್ಧ ನಿದ್ದೆಯಲ್ಲಿ, ಹೆಬ್ಬೆರಳಲ್ಲಿ ಫೋನ್ ಒತ್ತುವವನಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

ಚಿಕ್ಕಮಗಳೂರಿನ ರೆಸಾರ್ಟೊಂದರಲ್ಲಿ ರೂಮು ಬುಕ್ ಮಾಡಿದ ಮೇಲೆ ನಾನು ಎರಡು ದಿನ ಬೀಗಿದ್ದೆ. ರೂಮು ದಿನಕ್ಕೆ 7,500 ದಾಟಿದರೆ ಜಿಎಸ್‌ಟಿ ಶೇಕಡಾ 18, ಅದರೊಳಗಿದ್ದರೆ 5. 2025ರ ಸೆಪ್ಟೆಂಬರಿನಿಂದ ಹಾಗೆ. ನಾನು ಹುಡುಕಿ ಹುಡುಕಿ 7,400ರ ರೂಮು ಹಿಡಿದಿದ್ದೆ. ಅದೂ ರಿಫಂಡ್ ಇಲ್ಲದ ಅಗ್ಗದ ದರ. 'ಹೋಗೇ ಹೋಗ್ತೀವಿ, ರಿಫಂಡ್ ಯಾಕೆ ಬೇಕು?' ಅಂತ ಹೆಂಡತಿಗೆ ಭಾಷಣ ಬೇರೆ.

ಬೆಳಗಿನ ಜಾವ ಐದಕ್ಕೆ ಬೆಂಗಳೂರಿನ ವಿಜಯನಗರ ಬಿಟ್ಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು. ಚಿಕ್ಕಮಗಳೂರು ದಾಟಿ ಬೆಟ್ಟ ಹತ್ತುವಾಗ ಮುಳ್ಳಯ್ಯನಗಿರಿ ಕಂಡಿತು. 1,930 ಮೀಟರ್, ಕರ್ನಾಟಕದಲ್ಲೇ ಎತ್ತರದ ಬೆಟ್ಟ ಅಂತ ಮಗಳಿಗೆ ಹೇಳಿದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆಯಲಿಲ್ಲ.

ರೆಸಾರ್ಟಿನ ಗೇಟಿನಲ್ಲೇ ಮೊದಲನೇ ನಿಯಮ ಎದುರಾಯಿತು. ಹೊರಗಿನ ತಿಂಡಿ ಒಳಗೆ ತರುವಂತಿಲ್ಲ. ಅಮ್ಮನ ತೊಡೆ ಮೇಲೆ ಸ್ಟೀಲ್ ಡಬ್ಬಿ. ಮಾರನೇ ದಿನ ಶಿವರಾತ್ರಿ, ತಂಬಿಟ್ಟು ಇಲ್ಲದೆ ಅಮ್ಮ ಮನೆ ಬಿಡುವುದುಂಟೇ? ಸೆಕ್ಯುರಿಟಿಯವರು ಡಬ್ಬಿ ನೋಡಿದರು.

"ಅಮ್ಮಾ, ತಿಂಡಿ ಬಿಡಲ್ಲ."

"ತಿಂಡಿ ಅಲ್ಲಪ್ಪಾ, ಪ್ರಸಾದ," ಅಂದ ಅಮ್ಮ ಎರಡು ಉಂಡೆ ತೆಗೆದು ಅವರ ಕೈಗಿಟ್ಟರು. ಆತ ಕಣ್ಣಿಗೊತ್ತಿಕೊಂಡು ಗೇಟ್ ತೆಗೆದರು. ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕ ಗೆಲುವು ಅದೊಂದೇ.

ರಿಸೆಪ್ಶನ್ನಿಗೆ ಹೋದಾಗ ಹನ್ನೆರಡು ಗಂಟೆ. ಚೆಕ್-ಇನ್ ಎರಡಕ್ಕೆ.

"ವಯಸ್ಸಾದವರಿದ್ದಾರೆ, ಸ್ವಲ್ಪ ಅರ್ಲಿ ಚೆಕ್-ಇನ್ ಕೊಡ್ತೀರಾ?" ಅಂದೆ.

ಆ ಹುಡುಗಿ ನಾಲ್ಕೂ ಆಧಾರ್ ಕಾರ್ಡ್ ಇಸ್ಕೊಂಡು ಕಂಪ್ಯೂಟರ್ ಕುಟ್ಟಿದಳು. ನಿಲ್ಲಿಸಿದಳು. ನನ್ನ ಮುಖ ನೋಡಿದಳು. "ಎಷ್ಟು ಅರ್ಲಿ ಸರ್? ನಿಮ್ಮ ಬುಕಿಂಗ್ ಮಾರ್ಚ್ 14ಕ್ಕಿದೆ."

ಹೆಂಡತಿ "ರೀ" ಅಂದಳು. ಬರೀ ಒಂದಕ್ಷರ. ಆದರೆ ಹದಿನೈದು ವರ್ಷದ ಸಂಸಾರ ಪೂರ್ತಿ ಅದರೊಳಗಿತ್ತು.

ನಾನು ಲಾಯರ್ ಆದೆ. ತಾರೀಕು ಬದಲಾಯಿಸೋದಾದರೆ ಏಳು ದಿನ ಮುಂಚೆ ತಿಳಿಸಬೇಕು ಅಂತ ಅಲ್ಲೇ ಬೋರ್ಡಿತ್ತು. ನಾನು 28 ದಿನ ಮುಂಚೆ, ಖುದ್ದಾಗಿ, ಸಂಸಾರ ಸಮೇತ ಬಂದು ತಿಳಿಸುತ್ತಿದ್ದೇನಲ್ಲ! ಅದು ಮಾಮೂಲಿ ದರದವರಿಗೆ ಸರ್, ನಿಮ್ಮದು ಅಗ್ಗದ ದರ, ಚೇಂಜ್ ಆಗಲ್ಲ ಅಂದಳು. ಹೆಸರು ಬದಲಾಯಿಸಿ ಭಾವಮೈದುನನಿಗೆ ಕೊಡಲೂ ಆಗಲ್ಲವಂತೆ. ಪಾಪ, ಕೋಪ ಬರಲಿ ಅಂತ ಕಾದರೂ ಬರದಷ್ಟು ನಯವಾಗಿ ಮಾತಾಡುತ್ತಿದ್ದಳು. "ಮಾರ್ಚಲ್ಲಿ ಬನ್ನಿ ಸರ್, ಮಳೆ ಬಿದ್ರೆ ಕಾಫಿ ಹೂ ಬಿಡುತ್ತೆ, ಚೆನ್ನಾಗಿರುತ್ತೆ." ಮಾರ್ಚಲ್ಲಿ ಮಗಳಿಗೆ ಪರೀಕ್ಷೆ.

ಕೊನೆಗೆ ಒಂದೇ ರೂಮು ಉಳಿದಿತ್ತು. ಯಾರೋ ಬರಬೇಕಾದವರು ಬೆಳಿಗ್ಗೆ ಕ್ಯಾನ್ಸಲ್ ಮಾಡಿದ್ದರಂತೆ. ಅವರ ದುಡ್ಡೂ ವಾಪಸ್ ಇಲ್ಲ. ಅದೇ ರೂಮು ನಮಗೆ 9,500, ಮೇಲೆ ಶೇಕಡಾ 18, ಒಟ್ಟು 11,210. ಒಂದು ಹಾಸಿಗೆಗೆ ಎರಡು ಸಲ ಬಾಡಿಗೆ! ನಾನೂ ಸುಮ್ನೆ ಐಟಿ ಕಂಪನಿ ಸೇರಿ ಹಾಳಾದೆ ಅನ್ನಿಸಿತು.

ಬಾಗಿಲು ತೆಗೆದೆವು. ವ್ಯಾಲೆಂಟೈನ್ ದಿನದ ಹನಿಮೂನ್ ರೂಮು. ಹಾಸಿಗೆ ಮೇಲೆ ಗುಲಾಬಿ ಎಸಳಿನಲ್ಲಿ ಬರೆದ ದೊಡ್ಡ ಹೃದಯ. ಅದರ ನಡುವೆ ಟವೆಲ್ ಮಡಚಿ ಮಾಡಿದ ಎರಡು ಹಂಸ, ಕೊಕ್ಕಿಗೆ ಕೊಕ್ಕು ಕೊಟ್ಟು ನಿಂತಿದ್ದವು. ಚಾವಣಿಗೆ ಅಂಟಿದ ಕೆಂಪು ಬಲೂನುಗಳು. ನಾವು ನಾಲ್ಕು ಜನ ಬಾಗಿಲಲ್ಲೇ ನಿಂತೆವು. ಮಗಳು ಮೊದಲ ಬಾರಿಗೆ ಇಯರ್‌ಫೋನ್ ತೆಗೆದು ಫೋಟೋ ತೆಗೆದಳು.

ಅಮ್ಮ ಮಾತ್ರ ಸೀದಾ ಹೋಗಿ ಒಂದು ಹಂಸದ ಕತ್ತು ಹಿಡಿದು ಬಿಚ್ಚಿ, ಕೈ ಒರೆಸಿಕೊಂಡರು. ಆಮೇಲೆ ಹೃದಯವನ್ನು ಒಂದು ಕಡೆಯಿಂದ ಬಳಿದು ಕವರಿಗೆ ತುಂಬಿದರು. "ನಾಳೆ ಪೂಜೆಗೆ ಹೂವು ಎಲ್ಲಿ ಸಿಗುತ್ತೋ ಅಂತಿದ್ದೆ ಕಣೋ."

ಪ್ಯಾಕೇಜಿನಲ್ಲಿ ಇಬ್ಬರಿಗೆ ಕ್ಯಾಂಡಲ್ ಲೈಟ್ ಊಟ. ನಾಲ್ವರು ಹಂಚಿಕೊಂಡೆವು. ಕತ್ತಲಲ್ಲಿ ಏನು ತಿಂದೆವೋ ಗೊತ್ತಿಲ್ಲ. ಬೆಳಗಿನ ಬಫೆ ಫ್ರೀ ಇತ್ತು. ಅಮ್ಮನಿಗೂ ಹೆಂಡತಿಗೂ ಉಪವಾಸ. ನಾನು ಅವರ ಪಾಲಿನದನ್ನೂ ತಿಂದು ದುಡ್ಡು ವಸೂಲಿ ಮಾಡಲು ನೋಡಿದೆ. ಆರನೇ ಇಡ್ಲಿಗೆ ಸೋತೆ.

ಹನ್ನೊಂದಕ್ಕೆ ಚೆಕ್-ಔಟ್. ಅಮ್ಮನಿಗೆ ರಾತ್ರಿ ಜಾಗರಣೆ ಮನೆಯಲ್ಲೇ ಆಗಬೇಕು, ಹಾಗಾಗಿ ಎಲ್ಲೂ ನಿಲ್ಲಿಸದೆ ಹೊರಟೆವು. ನೆಲಮಂಗಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ಫೋನ್ ಟಿಣ್ ಅಂತು. ಹೆಂಡತಿ ಜೋರಾಗಿ ಓದಿದಳು: "ಪ್ರಿಯ ಅತಿಥಿಗಳೇ, ನಿಮ್ಮ ಪ್ರವಾಸಕ್ಕೆ ಇನ್ನು 27 ದಿನ ಮಾತ್ರ. ಬ್ಯಾಗ್ ರೆಡಿನಾ?"

ನಾನು ಮುಂದಿನ ಲಾರಿಯ ಹಿಂದೆ ಬರೆದದ್ದನ್ನು ತುಂಬಾ ಆಸಕ್ತಿಯಿಂದ ಓದತೊಡಗಿದೆ. ಹಿಂದಿನ ಸೀಟಿನಿಂದ ಅಮ್ಮ ಕೇಳಿದರು.

"ಅವತ್ತೂ ಹೂವು ಹಾಕಿರ್ತಾರೇನೋ?"