ಲೆಕ್ಕ ಕೇಳದ ದುಡ್ಡು

ನಮ್ಮ ಪಕ್ಕದ ಮನೆಯಾಕೆ ರಾತ್ರಿ ಊಟ ಮುಗಿದ ಮೇಲೆ ಪರ್ಸಿನಲ್ಲಿರುವ ರಸೀದಿಗಳನ್ನೆಲ್ಲ ಮೇಜಿನ ಮೇಲೆ ಹರಡುತ್ತಾರೆ. ಮೀನು, ಸೊಪ್ಪು, ಮಗನ ನೋಟ್‌ಬುಕ್ಕು, ಎಲ್ಲವೂ ಒಂದೊಂದಾಗಿ ಒಂದು ಪುಸ್ತಕಕ್ಕೆ ಏರುತ್ತದೆ. ನಾವಿರುವ ಜಪಾನಿನಲ್ಲಿ ಅದಕ್ಕೆ ಕಕೇಬೊ ಅಂತಾರೆ, ಅಂದರೆ ಮನೆ ಲೆಕ್ಕದ ಪುಸ್ತಕ. ಹಾನಿ ಮೊತೊಕೊ ಅನ್ನೋ ಪತ್ರಕರ್ತೆ 1904ರಲ್ಲೇ ಇಂಥದ್ದೊಂದನ್ನು ಅಚ್ಚು ಹಾಕಿಸಿದ್ದರು. ಅದು ಈಗಲೂ ಪ್ರತಿವರ್ಷ ಬರುತ್ತದೆ. ಅದರಲ್ಲಿ ಮೊದಲು ಬಜೆಟ್, ಆಮೇಲೆ ಖರ್ಚು.

ನಮ್ಮಪ್ಪನೂ ಲೆಕ್ಕ ಬರೆಯುತ್ತಿದ್ದರು. ಕಂಪನಿಯವರು ಕೊಟ್ಟ ಡೈರಿಯಲ್ಲಿ, ಕೆಂಪು ಶಾಯಿಯಲ್ಲಿ. ಹಾಲು, ಕರೆಂಟು, ಅಂಗಡಿಯ ಉದ್ರಿ ಬಾಕಿ. ಆ ಡೈರಿ ಬೀರುವಿನೊಳಗೆ ಇರುತ್ತಿತ್ತು, ಬೀಗದ ಕೈ ಅವರ ಹತ್ತಿರ. ಅವರು ಕಷ್ಟಪಟ್ಟು ದುಡಿದು, ಅಂಗಡಿಯ ಉದ್ರಿ ಬಿಟ್ಟರೆ ಯಾರ ಹತ್ತಿರವೂ ಸಾಲ ಮಾಡದೆ ಮನೆ ನಡೆಸಿದರು. ಅದರ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ಅಮ್ಮ ಒಂದು ರವಿಕೆ ಬಟ್ಟೆ ತಗೊಳ್ಳಬೇಕಾದರೂ ಕೇಳಬೇಕಿತ್ತು. ತಂದ ಮೇಲೆ ಚಿಲ್ಲರೆ ಎಣಿಸಿ ಕೊಡಬೇಕಿತ್ತು. ಅದಕ್ಕೇ ಅಡುಗೆಮನೆಯ ಸಾಸಿವೆ ಡಬ್ಬಿಯಲ್ಲಿ ಹತ್ತರ, ಇಪ್ಪತ್ತರ ನೋಟುಗಳು ನಾಲ್ಕು ಮಡಿಕೆಯಾಗಿ ಕೂತಿರುತ್ತಿದ್ದವು. ನನ್ನ ಪರೀಕ್ಷೆ ಫೀಸು ಒಮ್ಮೆ ಅಲ್ಲಿಂದಲೇ ಬಂತು. ನೋಟಿಗೆ ಸಾಸಿವೆ ಅಂಟಿಕೊಂಡಿತ್ತು.

ಜಪಾನಿನ ಎಷ್ಟೋ ಮನೆಗಳಲ್ಲಿ ಇದು ಉಲ್ಟಾ. ಗಂಡ ಸಂಬಳವನ್ನು ಹೆಂಡತಿಯ ಕೈಗೆ ಒಪ್ಪಿಸುತ್ತಾನೆ. ಮನೆಯ ಖರ್ಚೆಲ್ಲ ತೂಗಿಸಿ ಅವಳು ಅವನಿಗೆ ತಿಂಗಳಿಗಿಷ್ಟು ಅಂತ ಕೈಖರ್ಚಿಗೆ ಕೊಡುತ್ತಾಳೆ. ಅದು ಒಕೊಝುಕಾಯ್. ಇಬ್ಬರೂ ದುಡಿಯುವ ಮನೆಗಳಲ್ಲಿ ಈಗ ಈ ಪದ್ಧತಿ ಹಾಗೇ ಉಳಿದಿಲ್ಲ, ಸರಿ. ಆದರೆ ನನಗೆ ಹಿಡಿಸಿದ್ದು ಒಂದು ವಿಷಯ: ಆ ಕೈಖರ್ಚಿನ ದುಡ್ಡಿಗೆ ಲೆಕ್ಕ ಕೇಳೋದಿಲ್ಲ. ಕಾಫಿ ಕುಡಿದನೋ, ಪುಸ್ತಕ ತಗೊಂಡನೋ, ಅವನಿಷ್ಟ.

ಇಲ್ಲೂ ಸಾಸಿವೆ ಡಬ್ಬಿ ಇದೆ, ಗೊತ್ತಾ? ಅದರ ಹೆಸರು ಹೆಸೊಕುರಿ, ಮನೆಯವರಿಗೆ ಹೇಳದೆ ಕೂಡಿಟ್ಟ ದುಡ್ಡು. ನೂಲು ಸುತ್ತಿ ಸಂಪಾದಿಸಿದ ಕಾಸಿನಿಂದ ಆ ಪದ ಬಂತು ಅಂತಾರೆ. ಪರ್ಸು ಪೂರ್ತಿ ಹೆಂಡತಿಯ ಕೈಯಲ್ಲಿರುವ ಮನೆಯಲ್ಲೂ ಅವಳು ತನಗೆ ಅಂತ ಬಚ್ಚಿಡಬೇಕಾಗುತ್ತದೆ. ಇದನ್ನು ಕೇಳಿದಾಗ ಅಮ್ಮನ ನೆನಪಾಗಿ ಗಂಟಲು ಕಟ್ಟಿತು. ಬೀಗದ ಕೈ ಯಾರ ಹತ್ತಿರ ಇದ್ದರೇನು? ತನ್ನದು ಅಂತ ಒಂದು ಪಾಲು ಲೆಕ್ಕದ ಪುಸ್ತಕದಲ್ಲಿ ಇಲ್ಲದಿದ್ದರೆ ಯಾರಾದರೂ ಡಬ್ಬಿಯನ್ನೇ ಹುಡುಕುತ್ತಾರೆ, ಅಲ್ವಾ?

ಹಾಗಾಗಿ ನಾವು ಗಂಡ ಹೆಂಡತಿ ಸೇರಿ ಬಜೆಟ್ ಬರೆಯುತ್ತೇವೆ. ಇಲ್ಲಿ ತುಂಬಾ ಕಡೆ ಸಂಬಳ 25ಕ್ಕೆ ಆಗುತ್ತದೆ, ನನಗೂ ಹಾಗೇ. ಅವತ್ತು ರಾತ್ರಿ ಮಗಳೂ ಮೇಜಿನ ಹತ್ತಿರ ಕೂರುತ್ತಾಳೆ. ಬಾಡಿಗೆ, ದಿನಸಿ, ಊರಿಗೆ ಹೋಗಿಬರಲು ಎತ್ತಿಡುವ ದುಡ್ಡು. ಆಮೇಲೆ ಮೂವರಿಗೂ ಒಂದೊಂದು ಲಕೋಟೆ. ಮಗಳದ್ದು ಚಿಕ್ಕದು, ಆದರೂ ಅದು ಅವಳದೇ. ಮೊದಲ ತಿಂಗಳು ಪೂರ್ತಿ ಸ್ಟಿಕ್ಕರಿಗೇ ಹಾಕಿದಳು. ನಾನು ಬಾಯಿ ಬಿಡಲಿಲ್ಲ. ಸುಮ್ನಿರೋದು ಕಷ್ಟವೇ.

ಅಪ್ಪನಿಗೂ ಹೇಳಿ ಅಮ್ಮನ ಖಾತೆಗೆ ಪ್ರತಿ ತಿಂಗಳು ಸ್ವಲ್ಪ ದುಡ್ಡು ಹಾಕುತ್ತಿದ್ದೇನೆ. "ಇದು ಯಾವುದಕ್ಕಪ್ಪಾ?" ಅಂತ ಕೇಳಿದಳು. ಯಾವುದಕ್ಕೂ ಅಲ್ಲಮ್ಮ, ನಿಂಗೆ ಅಂದೆ. ಈಗಲೂ ಫೋನ್ ಮಾಡಿದಾಗ ಎಷ್ಟು ಖರ್ಚಾಯ್ತು, ಎಷ್ಟು ಉಳಿಯಿತು ಅಂತ ಒಪ್ಪಿಸಲು ಶುರು ಮಾಡುತ್ತಾಳೆ. ಬೇಡಮ್ಮ, ಹೇಳಬೇಡ ಅಂತೀನಿ.