ಕೊನೆಯ ಬಸ್ಸಿಗೆ ಮೊದಲು ಮುಗಿಯುವ ಪಾಠ

ಶಿವಮೊಗ್ಗದ ರವೀಂದ್ರನಗರದಲ್ಲಿ ನಾನು ಮೃದಂಗ ಕಲಿತದ್ದು ಗುರುಗಳ ಮನೆಯ ಜಗಲಿಯಲ್ಲಿ. ಮಳೆಗಾಲದ ಸಂಜೆಗಳಲ್ಲಿ ಚರ್ಮ ತೇವ ಹೀರಿ ಸಡಿಲಗೊಂಡಿರುತ್ತಿತ್ತು. ಗುರುಗಳು ಸಣ್ಣ ಕಲ್ಲಿನಿಂದ ಅಂಚನ್ನು ತಟ್ಟಿ ಬಲಭಾಗವನ್ನು ಶ್ರುತಿಗೆ ತಂದು, ಎಡಭಾಗಕ್ಕೆ ರವೆ ಕಲಸಿ ಹಚ್ಚುವಷ್ಟರಲ್ಲಿ ಕಾಲು ಗಂಟೆ ಕಳೆಯುತ್ತಿತ್ತು. ಅದನ್ನು ನೋಡುತ್ತಾ ಕುಳಿತದ್ದೂ ಪಾಠವೇ ಆಗಿತ್ತು.

ಈಗ ಇಂಗ್ಲೆಂಡಿನಲ್ಲಿರುವ ನನಗೆ, ಮಗಳ ಪಿಟೀಲು ಪಾಠ ಬೇರೊಂದು ಏರ್ಪಾಡನ್ನು ತೋರಿಸಿದೆ. ಇಲ್ಲಿ ವಾದ್ಯ ಕಲಿಸುವವರು ವಾರಕ್ಕೊಮ್ಮೆ ಶಾಲೆಗೇ ಬರುತ್ತಾರೆ. ಶಾಲೆಯಿಂದ ಶಾಲೆಗೆ ಓಡಾಡಿ ಕಲಿಸುವುದೇ ಅವರ ವೃತ್ತಿ. ಮಕ್ಕಳು ಸರದಿಯಂತೆ ತರಗತಿಯಿಂದ ಎದ್ದುಹೋಗಿ, ಇಪ್ಪತ್ತು ಮೂವತ್ತು ನಿಮಿಷ ಕಲಿತು ಮರಳುತ್ತಾರೆ. ಪ್ರತಿ ವಾರ ಒಂದೇ ವಿಷಯದ ಪಾಠ ತಪ್ಪಿಹೋಗದಂತೆ ಅನೇಕ ಕಡೆ ವೇಳೆಯನ್ನು ಬದಲಿಸುತ್ತಿರುತ್ತಾರೆ. ಮಗಳಿಗೆ ಮೊದಲು ಬಾಡಿಗೆಗೆ ದೊರೆತದ್ದು ಅರ್ಧ ಅಳತೆಯ ಪಿಟೀಲು. ತೋಳು ಬೆಳೆದಾಗ ಅದನ್ನು ಹಿಂದಿರುಗಿಸಿ ಮುಕ್ಕಾಲು ಅಳತೆಯದನ್ನು ತಂದೆವು. 2012ರಿಂದ ಸರ್ಕಾರದ ಅನುದಾನ ಪಡೆಯುವ ಪ್ರಾದೇಶಿಕ ಸಂಗೀತ ಕೇಂದ್ರಗಳು ಶಾಲೆಗಳೊಡನೆ ಸೇರಿ ಇಂಥ ಕಲಿಕೆಗೆ ನೆರವಾಗುತ್ತಿವೆ. ಒಬ್ಬೊಬ್ಬರಿಗೇ ಕಲಿಸುವ ಪಾಠಕ್ಕೆ ಸಾಮಾನ್ಯವಾಗಿ ಹೆತ್ತವರೇ ಶುಲ್ಕ ತೆರಬೇಕು, ಅದು ಕಡಿಮೆಯೇನಲ್ಲ.

ಇಪ್ಪತ್ತು ನಿಮಿಷ ಬಹಳ ಸಾಲದು ಎಂಬುದು ನನ್ನ ಅನುಭವ. ಗುರುಗಳ ಮನೆಯಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ನನ್ನ ಪಾಠ ಮುಗಿದ ಮೇಲೂ ಹಿರಿಯ ಶಿಷ್ಯರ ಪಾಠ ಕೇಳುತ್ತಾ ಕೂರುತ್ತಿದ್ದೆ, ಮುಂದಿನ ವರ್ಷ ಕಲಿಯಬೇಕಾದ ನಡೆಗಳು ಹಾಗೆಯೇ ಕಿವಿಗೆ ಬಿದ್ದಿರುತ್ತಿದ್ದವು. ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಆದರೆ ಆ ಜಗಲಿ ನನಗೆ ದಕ್ಕಿದ್ದು ನಮ್ಮ ಮನೆ ಎರಡು ಬೀದಿ ಆಚೆ ಇದ್ದುದರಿಂದ. ಹೊಸನಗರ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಅಕ್ಕನ ಮಗನಿಗೆ ಶಾಲೆ ಬಿಟ್ಟ ಮೇಲೆ ಊರಿಗೆ ಇರುವುದು ಒಂದೇ ಬಸ್ಸು. ಪೇಟೆಯಲ್ಲಿ ಮೃದಂಗದ ಪಾಠ ಆರಂಭವಾಗುವ ಹೊತ್ತಿಗೆ ಅದು ಹೊರಟಿರುತ್ತದೆ. ರಾತ್ರಿಯಿಡೀ ಯಕ್ಷಗಾನ ನೋಡಿ ಬಂದ ಮರುದಿನ ಅವನು ಅಕ್ಕಿ ಡಬ್ಬಿಯ ಮೇಲೆ ಮದ್ದಳೆಯ ಪೆಟ್ಟುಗಳನ್ನು ಹುಡುಕುತ್ತಾ ಕೂರುತ್ತಾನೆ.

ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಕಲಿತದ್ದನ್ನು ಅಳೆಯುವ ಕ್ರಮವಿದ್ದೂ, ಕಲಿಕೆಯನ್ನು ಹಳ್ಳಿಯ ಮಕ್ಕಳ ಬಳಿಗೆ ಒಯ್ಯುವ ಕ್ರಮವಿಲ್ಲ. ಅಕ್ಕಪಕ್ಕದ ನಾಲ್ಕೈದು ಪ್ರೌಢಶಾಲೆಗಳು ಸೇರಿ ಒಬ್ಬ ವಾದ್ಯ ಶಿಕ್ಷಕರನ್ನು ಗೊತ್ತುಮಾಡಿಕೊಂಡು, ದಿನಕ್ಕೊಂದು ಶಾಲೆಯಂತೆ ಶಾಲೆಯ ವೇಳೆಯಲ್ಲೇ ಪಾಠ ಇಟ್ಟುಕೊಂಡರೆ, ವಿದ್ವತ್ ಮುಗಿಸಿದ ಯುವಕ ಯುವತಿಯರಿಗೂ ತಾಲ್ಲೂಕಿನಲ್ಲೇ ಒಂದು ಕೆಲಸ ಸಿಕ್ಕಂತಾಗುತ್ತದೆ. ಪ್ರತಿ ಶಾಲೆಯಲ್ಲೂ ಎರಡು ಮೃದಂಗ, ಮಕ್ಕಳ ಅಳತೆಯ ನಾಲ್ಕು ಪಿಟೀಲು ಇದ್ದರೆ ಆರಂಭಕ್ಕೆ ಸಾಕು. ಅವನ್ನು ಇಡುವ ಕಪಾಟು ಮಾತ್ರ ಸೋರುವ ಗೋಡೆಗೆ ತಾಗಿರಬಾರದು. ನಮ್ಮ ಆಷಾಢದ ತೇವಕ್ಕೆ ಪಿಟೀಲಿನ ಅಂಟೇ ಬಿಟ್ಟುಕೊಳ್ಳುತ್ತದೆ. ಹೆಚ್ಚು ಕಲಿಯಬಯಸುವವರು ರಜಾದಿನಗಳಲ್ಲಿ ಗುರುಗಳ ಮನೆಗೆ ಹೋಗಲಿ.

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ಮೃದಂಗವನ್ನು ಅಕ್ಕನ ಮನೆಯಲ್ಲಿ ಬಿಟ್ಟುಬಂದೆ. ಅವನು ದಿನವೂ ನುಡಿಸುತ್ತಾನಂತೆ. ಫೋನಿನಲ್ಲಿ ಕೇಳಿದೆ, ತಾಳ ಸರಿಯಿದೆ, ಬೆರಳು ಬೀಳುವ ಜಾಗ ತಪ್ಪುತ್ತಿದೆ, ಅದನ್ನು ಹಿಡಿದು ತಿದ್ದಲು ಅಲ್ಲಿ ಯಾರೂ ಇಲ್ಲ.