ಅಡಿಕೆ ಹಾಳೆಯಲ್ಲಿ ಮಾಸಿದ ಮುಖ

ಖಿನ್ನತೆ ಅಂದರೆ ಅಳು ಅಂತ ತುಂಬಾ ಜನ ತಿಳಿದಿದ್ದಾರೆ. ನನಗೆ ಅಳುವೇ ಬರುತ್ತಿರಲಿಲ್ಲ. ಊಟದ ರುಚಿ, ಜನರ ದನಿ, ಬೆಳಗಾಗಿ ಏಳುವ ಆಸೆ ಎಲ್ಲ ದಿನಕ್ಕಿಷ್ಟು ಮಾಸುತ್ತಾ ಹೋಯಿತು. "ಎಂಥ ಆಗಿದೆ ಮಾರಾಯ್ತಿ? ಮಳೆ ಮುಗೀಲಿ, ಸರಿಯಾಗ್ತದೆ" ಅನ್ನುತ್ತಿದ್ದರು. ನಮ್ಮ ಸಾಗರದ ಕಡೆ ಜಡಿಮಳೆಯಲ್ಲಿ ಎಲ್ಲರ ಮನಸ್ಸೂ ಮಂಕು, ಅಲ್ವಾ? ಮಳೆ ಮುಗಿಯಿತು, ಬಿಸಿಲೂ ಬಂತು. ನಾನು ಹಾಗೇ ಇದ್ದೆ.

ಬಾಯಲ್ಲಿ ಹೇಳಲು ಬಾರದ್ದನ್ನು ಕೊನೆಗೆ ಪ್ರಿಂಟ್‌ಮೇಕಿಂಗ್‌ನಲ್ಲಿ, ಅಂದರೆ ಅಚ್ಚು ಕೆತ್ತಿ ಕಾಗದದ ಮೇಲೆ ಚಿತ್ರ ಒತ್ತುವ ಕಲೆಯಲ್ಲಿ, ಹೇಳಿದೆ. ಒತ್ತುವ ಯಂತ್ರ, ಪ್ರೆಸ್, ಇರಲಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೆನೆಸಿ, ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿದೆ. ಒಣಗಿದ ಮೇಲೆ ವಾರ್ನಿಷ್ ಬಳಿಯಬೇಕು, ಇಲ್ಲದಿದ್ದರೆ ಹಾಳೆ ಶಾಯಿಯನ್ನೆಲ್ಲ ಕುಡಿದುಬಿಡುತ್ತದೆ. ಬ್ಲೇಡಿನಲ್ಲಿ ನನ್ನ ಮುಖ ಗೀರಿ, ಶಾಯಿ ಸವರಿ, ತೇವದ ಕಾಗದ ಹಾಸಿ, ಚಮಚದ ಬೆನ್ನಿನಿಂದ ಉಜ್ಜಿದೆ. ಹಾಳೆಯ ನಾರೆಲ್ಲ ಕೆನ್ನೆಯ ಮೇಲೆ ಸಣ್ಣ ಗೆರೆಗಳಾಗಿ ಇಳಿದಿತ್ತು.

ಮತ್ತೆ ಶಾಯಿ ಹಾಕದೆ ಅದೇ ಅಚ್ಚಿನಿಂದ ತೆಗೆಯುವ ಮಾಸಲು ಪ್ರತಿಗೆ ಘೋಸ್ಟ್ ಪ್ರಿಂಟ್ ಅಂತಾರೆ. ನಾನು ಅಲ್ಲಿಗೇ ನಿಲ್ಲಿಸದೆ ತೆಗೆಯುತ್ತಲೇ ಹೋದೆ. ಮೊದಲು ಕಣ್ಣು ಹೋಯಿತು, ಆಮೇಲೆ ಬಾಯಿ. ಕೊನೆಯದರಲ್ಲಿ ಬರೀ ನಾರಿನ ಗೆರೆ. ಎಲ್ಲವನ್ನೂ ಜಗಲಿಯಲ್ಲಿ ಸಾಲಾಗಿ ನೇತುಹಾಕಿದೆ. ಮುಂದಿನ ಮಳೆಗಾಲದ ಥಂಡಿಗೆ ಕೆಲವಕ್ಕೆ ಬೂಷ್ಟು ಹಿಡಿಯಿತು. ಅದನ್ನೂ ಇರಲಿ ಅಂತ ಬಿಟ್ಟೆ, ಅದೂ ನನ್ನ ಕಥೆಯೇ.

ಅಮ್ಮ ಆ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. "ಇಷ್ಟು ದಿನ ಹೀಗಿತ್ತಾ ನಿಂಗೆ?" ಅಂದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದವರೂ ಅವರೇ.

ಅಚ್ಚುಚಿತ್ರ ಕಲಾವಿದ ಸೋಮನಾಥ ಹೋರ್ 1943ರ ಬಂಗಾಳದ ಬರಗಾಲವನ್ನು ಕಣ್ಣಾರೆ ಕಂಡವರು. 1970ರ ದಶಕದಲ್ಲಿ ಅವರು 'ಊಂಡ್ಸ್' (ಗಾಯಗಳು) ಸರಣಿ ಮಾಡಿದರು. ಜೇಡಿಮಣ್ಣಿನಲ್ಲಿ ಗೀರಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅದರ ಮೇಲೆ ಕಾಗದದ ತಿರುಳು ಒತ್ತುತ್ತಿದ್ದರು. ಬಿಳಿ ಕಾಗದದಲ್ಲಿ ಉಬ್ಬು, ತಗ್ಗು, ಗಾಯ. ನೋವು ತೋರಿಸಲು ಅಳುವ ಮುಖ ಬೇಕಿಲ್ಲ ಅನ್ನುವ ಧೈರ್ಯ ನನಗೆ ಬಂದದ್ದು ಅದನ್ನು ನೋಡಿ.

ಆದರೆ ಚಿತ್ರ ಮಾಡಿಯೇ ವಾಸಿಯಾದೆ ಅಂತ ದಯವಿಟ್ಟು ಯಾರೂ ಹೇಳಬೇಡಿ. ನನ್ನನ್ನು ಎಬ್ಬಿಸಿ ಕೂರಿಸಿದ್ದು ಮಾತ್ರೆ ಮತ್ತು ಕೌನ್ಸೆಲಿಂಗ್. ಚಿತ್ರದಿಂದ ಆದದ್ದು ಬೇರೆ: ನನಗೇನಾಗಿದೆ ಅಂತ ಮನೆಯವರಿಗೆ ಕಂಡಿತು. ನನ್ನ ಪಾಲಿಗೆ ಅದೇನೂ ಸಣ್ಣದಲ್ಲ.

ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹಾಳೆಯಲ್ಲಿ ಅಚ್ಚು ಹಾಕುವುದನ್ನು ಕಲಿಯಬೇಕು ಅನಿಸಿದವರು ಇನ್‌ಬಾಕ್ಸಿಗೆ ಬನ್ನಿ. ಹಾಳೆ, ಶಾಯಿ ಎರಡೂ ನನ್ನ ಹತ್ತಿರ ಇವೆ.